ಎದುರಾಳಿ ತಪ್ಪು ಮನೆಯಲ್ಲಿ ಕಾಯಿ ಇಟ್ಟರೆ ಸುಮ್ಮನಿರಬಹುದೇ?

ಪ್ರಶ್ನೆ: ನಾನು ಜೆ.ಪಿ. ನಗರದವನು. ಒಂದು ವರ್ಷದಿಂದ ಬ್ಯಾಕ್‌ಗ್ಯಾಮನ್ ಆಡುತ್ತಿದ್ದೇನೆ, ದಾಳ ಹಾಕಿ ಹದಿನೈದು ಕಾಯಿ ಓಡಿಸಿ ಹೊರಗೆ ತೆಗೆಯುವ ಆಟ. ಹೋದ ತಿಂಗಳು ಕೋರಮಂಗಲದ ಒಂದು ಕೆಫೆಯಲ್ಲಿ ಸಣ್ಣ ಟೂರ್ನಿ ಇತ್ತು. 7 ಪಾಯಿಂಟ್ ಮ್ಯಾಚ್, ಮೊದಲು 7 ಮುಟ್ಟಿದವರು ಗೆದ್ದ ಹಾಗೆ. ಎದುರಾಳಿ ಎಪ್ಪತ್ತು ದಾಟಿದ ಹಿರಿಯರು. ಅವರಿಗೆ 4 ಪಾಯಿಂಟ್, ನನಗೆ 3. ಹೊಸ ಆಟ ಶುರುವಾಯಿತು. ನನಗೆ 3-1 ಬಿತ್ತು, ಒಳಮನೆಯಲ್ಲಿ ಎರಡು ಕಾಯಿ ಕೂಡಿಸಿ 5ನೇ ಮನೆ ಕಟ್ಟಿದೆ. ಅವರಿಗೆ 6-5 ಬಿತ್ತು. ಹಿಂದಿನ ಕಾಯಿಯನ್ನು 11 ಮನೆ ಓಡಿಸಬೇಕಿತ್ತು. ಅವರು 10ಕ್ಕೇ ನಿಲ್ಲಿಸಿ ದಾಳ ಎತ್ತಿಕೊಂಡರು. ನನಗೆ ಕಂಡಿತು. ಹಿರಿಯರಿಗೆ ಹೇಗೆ ಹೇಳೋದು ಅಂತ ಸುಮ್ಮನಾದೆ, ತಕ್ಷಣ ದಾಳ ಹಾಕಿದೆ. 2 ಬಿತ್ತು, ಆ ಒಂಟಿ ಕಾಯಿಯನ್ನು ಹೊಡೆದೆ. ಕೊನೆಗೆ ಪಾಯಿಂಟ್ ಇಮ್ಮಡಿ ಮಾಡುವ ಕ್ಯೂಬ್ 2ರಲ್ಲಿದ್ದಾಗ ಗ್ಯಾಮನ್ ಆಗಿ, ಅಂದರೆ ಅವರ ಒಂದು ಕಾಯಿಯೂ ಹೊರಗೆ ಹೋಗುವ ಮೊದಲೇ ನಾನು ಮುಗಿಸಿ, ದುಪ್ಪಟ್ಟು 4 ಪಾಯಿಂಟ್ ಬಂತು, ಮ್ಯಾಚ್ ಗೆದ್ದೆ. ಪಕ್ಕದಲ್ಲಿ ನೋಡುತ್ತಿದ್ದ ಗೆಳೆಯ ಹೊರಗೆ ಬಂದ ಮೇಲೆ 'ಇದು ಮೋಸ' ಅಂದ. 'ತಪ್ಪು ಮಾಡಿದ್ದು ಅವರು, ನಾನಲ್ಲ' ಅಂದೆ. ಯಾರು ಸರಿ? ಬಹುಮಾನವಾಗಿ ಬಂದ ಡೈಸ್ ಕಪ್ ಇಟ್ಟುಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಪದದ ಮೇಲೆ: 'ತಕ್ಷಣ'. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಯಮ ನೋಡೋಣ. ಯಾಕೆಂದರೆ ನೀವೂ ನಿಮ್ಮ ಗೆಳೆಯರೂ ಬೇರೆ ಬೇರೆ ನಿಯಮ ಹಿಡಿದುಕೊಂಡು ಜಗಳ ಆಡುತ್ತಿದ್ದೀರಿ.

ಟೂರ್ನಿಗಳಲ್ಲಿ ತಪ್ಪು ನಡೆಯ ಬಗ್ಗೆ ಎರಡು ಪದ್ಧತಿ ಇವೆ. ಮೊದಲನೆಯದರ ಪ್ರಕಾರ, ಒಬ್ಬರು ತಪ್ಪಾಗಿ ನಡೆಸಿ ದಾಳ ಎತ್ತಿಕೊಂಡರೆ ಮುಂದಿನ ತೀರ್ಮಾನ ಎದುರಾಳಿಯದ್ದು. 'ತಪ್ಪಾಯಿತು, ಸರಿಯಾಗಿ ನಡೆಸಿ' ಅನ್ನಬಹುದು. ತನಗೆ ಅನುಕೂಲ ಅನ್ನಿಸಿದರೆ ಏನೂ ಹೇಳದೆ ತನ್ನ ದಾಳ ಹಾಕಬಹುದು. ಹಾಕಿದರೆ ಆ ನಡೆಯನ್ನು ಒಪ್ಪಿಕೊಂಡ ಹಾಗೆ. ಎರಡನೆಯದಕ್ಕೆ ಆಟಗಾರರು 'ಲೀಗಲ್ ಮೂವ್ಸ್' ಅನ್ನುತ್ತಾರೆ. ಇದರಲ್ಲಿ ಬೋರ್ಡ್ ಮೇಲೆ ಸರಿಯಾದ ನಡೆ ಮಾತ್ರ ಇರಬೇಕು, ಅದನ್ನು ನೋಡಿಕೊಳ್ಳುವ ಹೊಣೆ ಇಬ್ಬರದ್ದೂ. ಯಾರ ಕಣ್ಣಿಗೆ ಬಿದ್ದರೂ ಹೇಳಬೇಕು. ಕಂಡೂ ಕಾಣದ ಹಾಗೆ ಕೂತರೆ ಅದೇ ಒಂದು ತಪ್ಪು. ಮುಂದಿನ ದಾಳ ಬಿದ್ದ ಮೇಲೆ ಹಳೆಯದನ್ನು ಕೆದಕುವಂತಿಲ್ಲ ಅನ್ನುವುದು ಮಾತ್ರ ಸಾಮಾನ್ಯವಾಗಿ ಎರಡರಲ್ಲೂ ಇದೆ.

ಹಾಗಾಗಿ ಕೋರಮಂಗಲದ ಟೂರ್ನಿಯಲ್ಲಿ ಮೊದಲನೆಯ ಪದ್ಧತಿ ಇದ್ದಿದ್ದರೆ ನೀವು ನಿಮ್ಮ ಹಕ್ಕು ಬಳಸಿದ್ದೀರಿ ಅಷ್ಟೆ. ಎರಡನೆಯದು ಇದ್ದಿದ್ದರೆ ನಿಮ್ಮ ಗೆಳೆಯರು ಸರಿ, ಪದ ಸ್ವಲ್ಪ ಖಾರ ಆಯಿತು ಅಷ್ಟೆ. ನನ್ನ ಊಹೆ ಏನೆಂದರೆ, ಯಾವ ಪದ್ಧತಿ ಅಂತ ಅಲ್ಲಿ ಯಾರೂ ಹೇಳಿಯೇ ಇರಲಿಲ್ಲ. ಕೆಫೆ ಟೂರ್ನಿಗಳಲ್ಲಿ ಸಮೋಸಾ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನು ಮೈಕ್ ಹಿಡಿದು ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ಈಗ ಆ ಒಂದು ಮನೆಯ ತಪ್ಪಿನ ಬೆಲೆ ಎಷ್ಟು ಅಂತ ಬಿಡಿಸಿ ನೋಡೋಣ. ಬೋರ್ಡ್‌ನಲ್ಲಿ 24 ಮನೆ, ಇಬ್ಬರೂ ಎದುರುಬದುರಾಗಿ ಓಡುವುದರಿಂದ ಒಬ್ಬೊಬ್ಬರ ಎಣಿಕೆ ಒಂದೊಂದು ಕಡೆಯಿಂದ. ಅವರ ಕಡೆಯಿಂದ ಎಣಿಸಿದರೆ ಹಿಂದಿನ ಎರಡು ಕಾಯಿ 24ನೇ ಮನೆಯಲ್ಲಿ ಇರುತ್ತವೆ. 6-5 ಬಿದ್ದರೆ ಒಂದು ಕಾಯಿ 24ರಿಂದ ಸೀದಾ 13ಕ್ಕೆ. ಅಲ್ಲಿ ಅವರದೇ ಐದು ಕಾಯಿ ಮೊದಲೇ ಕೂತಿವೆ. ಇದಕ್ಕೆ ಆಟಗಾರರ ಬಾಯಲ್ಲಿ 'ಲವರ್ಸ್ ಲೀಪ್' ಅಂತ ಹೆಸರು, ಪ್ರೇಮಿಯ ನೆಗೆತ. ಯೋಚನೆಯೇ ಬೇಡದ ನಡೆ. ಅವರು ನೆಗೆದದ್ದು 14ಕ್ಕೆ. ಚೌಕಾಬಾರ ಆಡಿದವರಿಗೆ ಗೊತ್ತು, ಎರಡು ಕಾಯಿ ಕೂಡಿದರೆ ಗಟ್ಟಿ, ಒಂಟಿಯಾದರೆ ಹೊಡೆತ. ಇಲ್ಲೂ ಅದೇ ಕಥೆ. ನಿಮ್ಮ ಲೆಕ್ಕದಲ್ಲಿ ಅದು 11ನೇ ಮನೆ. ನಿಮ್ಮ 13ನೇ ಮನೆಯ ಕಾಯಿಗಳಿಗೆ ಸರಿಯಾಗಿ ಎರಡು ಮನೆ ದೂರ. ಎರಡು ದಾಳಕ್ಕೆ ಒಟ್ಟು 36 ಗರ, ಅದರಲ್ಲಿ 2 ಇರುವವು 11. 1-1 ಬಿದ್ದರೂ ಎರಡು ಆಗುತ್ತದಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ನಡುವಿನ ಮನೆಯಲ್ಲಿ ಕೂತಿರುವುದೇ ಅವರ ಆ ಐದು ಕಾಯಿಗಳ ಗಟ್ಟಿ, ಅಲ್ಲಿ ಕಾಲಿಡುವ ಹಾಗಿಲ್ಲ.

ಅಂದರೆ ಸರಿಯಾಗಿ ಆಡಿದ್ದರೆ ಆ ಕಾಯಿಗೆ ಏನೂ ಭಯವಿರಲಿಲ್ಲ. ತಪ್ಪಿದ್ದಕ್ಕೆ ಹೆಚ್ಚುಕಡಿಮೆ ಮೂರಕ್ಕೆ ಒಂದರಷ್ಟು ಭಯ ಬಂತು. ಹೊಡೆತ ಬಿದ್ದಾಗ 10 ಮನೆ ಓಡಿದ್ದೂ ಹೋಯಿತು, ಬೋರ್ಡ್ ನಡುವಿನ ಪಟ್ಟಿಗೆ, ಅಂದರೆ ಬಾರ್‌ಗೆ ಹೋಗಿ ಮತ್ತೆ ಮೊದಲಿನಿಂದ ಶುರು.

ಮೊದಲನೆಯ, ಹಳೆ ಪದ್ಧತಿಯವರ ವಾದ ನನಗೆ ಗೊತ್ತು. 'ಕಣ್ಣು ಬಿಟ್ಟು ಆಡಬೇಕು, ಆಡದವರು ಬೆಲೆ ತೆರಬೇಕು.' ಇಪ್ಪತ್ತು ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಈಗ ಒಪ್ಪುವುದಿಲ್ಲ. ಈ ಆಟದಲ್ಲಿ ಜಾಣತನ ಇರುವುದು ಬಿದ್ದ ಗರಕ್ಕೆ ಯಾವ ನಡೆ ಆರಿಸುತ್ತೀರಿ ಅನ್ನುವುದರಲ್ಲಿ, ಕ್ಯೂಬ್ ಯಾವಾಗ ತಿರುಗಿಸುತ್ತೀರಿ ಅನ್ನುವುದರಲ್ಲಿ. ಹನ್ನೊಂದರವರೆಗೆ ಎಣಿಸುವುದರಲ್ಲಿ ಅಲ್ಲ. ನಡೆ ಆರಿಸುವಾಗ ತಪ್ಪಿದರೆ ಶಿಕ್ಷೆ ಬೋರ್ಡೇ ಕೊಡುತ್ತದೆ. ಎಣಿಕೆ ತಪ್ಪಿದ್ದಕ್ಕೂ ಶಿಕ್ಷೆ ಕೊಡುತ್ತಾ ಹೋದರೆ ನಾವು ಬ್ಯಾಕ್‌ಗ್ಯಾಮನ್ ಆಡುತ್ತಿಲ್ಲ, ಕನ್ನಡಕದ ಪರೀಕ್ಷೆ ನಡೆಸುತ್ತಿದ್ದೇವೆ.

ಇನ್ನೊಂದು ಕಾರಣ ನಿಮ್ಮ 'ತಕ್ಷಣ'. ಸುಮ್ಮನಿರುವ ಹಕ್ಕು ಕೊಟ್ಟರೆ ಅದರ ಹಿಂದೆಯೇ ಅವಸರ ಬರುತ್ತದೆ. ತಪ್ಪು ಕಂಡವನಿಗೆ ಬೇಗ ದಾಳ ಹಾಕುವ ಆಸೆ. ಹಾಕಿದರೆ ಬಾಗಿಲು ಮುಚ್ಚಿತು. ಎದುರಿನವರಿಗೆ 'ಅಯ್ಯೋ, ಒಂದು ಮನೆ ಹಿಂದೆ ಇಟ್ಟೆ' ಅನ್ನಲು ಉಸಿರಾಡುವಷ್ಟು ಸಮಯವೂ ಸಿಗುವುದಿಲ್ಲ. ನೀವು ಸುಮ್ಮನಿದ್ದು ಎಂದಿನ ಹಾಗೆ ಕಪ್ ಕುಲುಕಿ, ಎಂದಿನ ಹಾಗೆ ಹಾಕಿದ್ದರೆ ನನಗೆ ಅಷ್ಟು ಬೇಜಾರಿಲ್ಲ. ಬಾಗಿಲು ಮುಚ್ಚಲು ಓಡಿದಿರಿ ನೋಡಿ, ಅದು ನಿಮ್ಮ ಮನಸ್ಸಿಗೂ ಚುಚ್ಚಿದೆ. ಇಲ್ಲದಿದ್ದರೆ ಆ ಪದ ಪತ್ರಕ್ಕೆ ಬರುತ್ತಿರಲಿಲ್ಲ.

ಚೆಸ್‌ನಿಂದ ಈ ಆಟಕ್ಕೆ ಬಂದವರು ನಮ್ಮೂರಿನಲ್ಲಿ ಜಾಸ್ತಿ. ಅವರು ಎರಡು ವಿಷಯದಲ್ಲಿ ಎಡವುತ್ತಾರೆ. ಚೆಸ್‌ನಲ್ಲಿ ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಇಲ್ಲಿ ಹಾಗಿಲ್ಲ. ದಾಳ ಬೋರ್ಡ್ ಮೇಲೆ ಇರುವವರೆಗೂ ಕಾಯಿ ಇಟ್ಟು ನೋಡಬಹುದು, ವಾಪಸ್ ತೆಗೆಯಬಹುದು, ಬೇರೆ ನಡೆ ನೋಡಬಹುದು. ದಾಳ ಎತ್ತಿದಾಗ ಮಾತ್ರ ಸರದಿ ಮುಗಿಯಿತು. ಗಡಿಯಾರ ಇಟ್ಟು ಆಡುವಾಗ ದಾಳ ಎತ್ತುವ ಬದಲು ಗಡಿಯಾರ ಒತ್ತುತ್ತೀರಿ, ದಾಳ ಅಲ್ಲೇ ಬಿದ್ದಿರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಚೆಸ್‌ನಲ್ಲಿ ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯುತ್ತೀರಿ. ಜಗಳ ಬಂದರೆ ಹಾಳೆ ತೆಗೆದು ನೋಡಿದರೆ ಆಯಿತು. ನಮ್ಮಲ್ಲಿ ಆ ಹಾಳೆ ಇಲ್ಲ. ಯಾವ ಗರ ಬಿತ್ತು ಅನ್ನುವುದಕ್ಕೆ ಬೋರ್ಡ್ ಮೇಲೆ ಬಿದ್ದಿರುವ ದಾಳವೇ ಸಾಕ್ಷಿ. ಕಾಯಿ ಎಲ್ಲಿತ್ತು ಅನ್ನುವುದಕ್ಕೆ ಇಬ್ಬರ ನೆನಪೇ ಸಾಕ್ಷಿ. ದಾಳ ಎತ್ತಿದರೆ ಮೊದಲನೆಯದು ಹೋಯಿತು, ಕೈ ಬೇಗ ಓಡಿದರೆ ಎರಡನೆಯದೂ ಹೋಯಿತು. ಟೂರ್ನಿಯಲ್ಲಿ ಮರ್ಯಾದೆ ಅಂತ ಹೇಳಿಕೊಡುವ ಎಲ್ಲ ರೂಢಿಯ ಬೇರೂ ಇಲ್ಲೇ ಇದೆ. ಒಂದೇ ಕೈಯಲ್ಲಿ ನಡೆಸಿ ಅನ್ನುತ್ತಾರೆ. ಯಾಕೆ? ಎರಡು ಕೈಯಿಂದ ಎರಡು ಕಾಯಿ ಒಟ್ಟಿಗೆ ಎತ್ತಿದರೆ ಎದುರಿನವರು ಯಾವ ಕೈ ನೋಡಬೇಕು? ದಾಳ ಎತ್ತಿಕೊಂಡು ಆಮೇಲೆ ಕಾಯಿ ನಡೆಸಬೇಡಿ ಅನ್ನುತ್ತಾರೆ. ಮನೆ ಮನೆ ಎಣಿಸುವಾಗ ಕಾಯಿಯನ್ನು ಬೋರ್ಡ್‌ಗೆ ತಾಗಿಸುತ್ತಾ ಹೋಗಿ, ಹೊಡೆದ ಕಾಯಿಯನ್ನು ಕೂಡಲೇ ಬಾರ್ ಮೇಲೆ ಇಡಿ, ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಡಿ ಅನ್ನುತ್ತಾರೆ. ಇದೆಲ್ಲ ಎದುರಿನವರು ನಿಮ್ಮ ನಡೆಯನ್ನು ತಾವೇ ಪರೀಕ್ಷಿಸಿಕೊಳ್ಳಲಿ ಅಂತ. ಪೇಟೆಯಲ್ಲಿ ತಕ್ಕಡಿ ಗಿರಾಕಿಯ ಕಡೆಗೆ ತಿರುಗಿಸಿ ಇಟ್ಟ ಹಾಗೆ.

ಸಾಕ್ಷಿ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಲ್ಲೇಶ್ವರದಲ್ಲಿ ಒಬ್ಬರ ಮನೆಯ ಹಾಲ್‌ನಲ್ಲಿ ಹದಿನಾರು ಜನರ ಟೂರ್ನಿ. ಡೈರೆಕ್ಟರ್ ನಾನು. ಸೆಮಿಫೈನಲ್‌ನಲ್ಲಿ ಒಬ್ಬರಿಗೆ 4-4 ಬಿತ್ತು. ಎರಡು ದಾಳದಲ್ಲೂ ಒಂದೇ ಸಂಖ್ಯೆ ಬಿದ್ದರೆ ಡಬಲ್, ಅಂದರೆ ನಾಲ್ಕು ನಡೆ. ಅವರು ಇಟ್ಟು ನೋಡಿದರು, ತೆಗೆದರು, ಇನ್ನೊಂದು ರೀತಿ ಇಟ್ಟರು, ಮತ್ತೆ ತೆಗೆದರು. ಮೂರನೇ ಸಲಕ್ಕೆ ಮೊದಲು ಹೇಗಿತ್ತು ಅನ್ನುವುದೇ ಮರೆತುಹೋಯಿತು. ಹದಿನಾಲ್ಕು ಕಾಯಿಗಳ ಜಾಗಕ್ಕೆ ಇಬ್ಬರೂ ಒಪ್ಪಿದರು. ಹದಿನೈದನೆಯದು 8ನೇ ಮನೆಯಲ್ಲಿತ್ತು ಅಂತ ಎದುರಾಳಿ, 6ರಲ್ಲಿತ್ತು ಅಂತ ಇವರು. ದನಿ ಏರಿತು. ಅಡುಗೆಮನೆಯಿಂದ ಮನೆಯವರು ಇಣುಕಿ ನೋಡಿದರು.

ಬೋರ್ಡ್ ನೋಡಿದೆ. ಎರಡೂ ಸಾಧ್ಯ ಅನ್ನಿಸಿತು. ಪಿಪ್ ಎಣಿಸಿದೆ. ಎಲ್ಲ ಕಾಯಿ ಹೊರಗೆ ಹೋಗಿ ಹಣ್ಣಾಗಲು ಒಟ್ಟು ಎಷ್ಟು ಹೆಜ್ಜೆ ಬೇಕು ಅನ್ನುವ ಲೆಕ್ಕ ಅದು. ಆಟದ ಶುರುವಿನಲ್ಲಿ ಇಬ್ಬರಿಗೂ 167 ಇರುತ್ತದೆ. ಆ ಕಾಯಿ 8ರಲ್ಲಿದ್ದರೆ ಇವರ ಲೆಕ್ಕ 112, 6ರಲ್ಲಿದ್ದರೆ 110. ಯಾರಿಗೂ ಇದನ್ನು ಹೇಳಲಿಲ್ಲ. ನಡೆಸಿದವರನ್ನು ಮಾತ್ರ ಕೇಳಿದೆ: 'ದಾಳ ಹಾಕುವ ಮೊದಲು ಕ್ಯೂಬ್ ತಿರುಗಿಸಿ ಡಬಲ್ ಮಾಡೋಣವಾ ಅಂತ ಯೋಚನೆ ಮಾಡಿದಿರಿ ಅಲ್ವಾ? ಪಿಪ್ ಎಷ್ಟು ಬಂತು?' ಅವರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. '112' ಅಂದರು. ಹೇಳಿದ ಮೇಲೆ ಅವರಿಗೇ ಹೊಳೆಯಿತು. ಏನೂ ಮಾತಾಡದೆ ಕಾಯಿಯನ್ನು 8ಕ್ಕೆ ತಾವೇ ಇಟ್ಟರು.

ಆ ದಿನ ನನ್ನ ಅದೃಷ್ಟ ಚೆನ್ನಾಗಿತ್ತು. ಅವರು ಲೆಕ್ಕ ಹಾಕದೆ ಇದ್ದಿದ್ದರೆ ನಾನು ಕಣ್ಣು ಕಟ್ಟಿಕೊಂಡು ತೀರ್ಪು ಕೊಡಬೇಕಿತ್ತು. ಅಂದಿನಿಂದ ಹೊಸಬರಿಗೆ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಡಬಲ್ ಬಿದ್ದಾಗ ಕಾಯಿ ಮುಟ್ಟುವ ಮೊದಲು ತಲೆಯಲ್ಲಿ ಆಡಿ ನೋಡಿ. ಇಟ್ಟು ನೋಡಲೇಬೇಕು ಅನ್ನಿಸಿದರೆ ಒಂದು ಸಲ ಇಟ್ಟು, ಪೂರ್ತಿ ವಾಪಸ್ ತೆಗೆದು, ಎದುರಿನವರ ಮುಖ ನೋಡಿ 'ಹೀಗೇ ಇತ್ತು ಅಲ್ವಾ?' ಅಂತ ಕೇಳಿ. ಅವರು ತಲೆ ಆಡಿಸಿದ ಮೇಲೆ ಮುಂದಿನದು.

ಮಾಮೂಲಾಗಿ ಕಾಣುವ ತಪ್ಪು ನಡೆಗಳು ಎಣಿಕೆಯವು ಅಲ್ಲ, ನಿಯಮ ಅರ್ಧ ಗೊತ್ತಿದ್ದು ಮಾಡುವವು. ಎರಡೂ ದಾಳ ಆಡಲು ದಾರಿ ಇದ್ದರೆ ಎರಡನ್ನೂ ಆಡಲೇಬೇಕು. ಯಾವುದಾದರೂ ಒಂದನ್ನು ಮಾತ್ರ ಆಡಲು ಸಾಧ್ಯವಾದರೆ ದೊಡ್ಡದನ್ನು ಆಡಬೇಕು. 6-2 ಬಿದ್ದು, 6 ಆಡಿದರೆ 2 ಇಲ್ಲ, 2 ಆಡಿದರೆ 6 ಇಲ್ಲ ಅಂತಿದ್ದರೆ 6 ಕಡ್ಡಾಯ. ಗಟ್ಟಿ ಒಡೆಯುತ್ತದೆ ಅಂತ ಮೆಲ್ಲಗೆ 2 ಆಡಿ ದಾಳ ಎತ್ತುವವರನ್ನು ಬಹಳ ಸಲ ನೋಡಿದ್ದೇನೆ. ಅರ್ಧ ಜನಕ್ಕೆ ನಿಜಕ್ಕೂ ಗೊತ್ತಿರುವುದಿಲ್ಲ. ಉಳಿದ ಅರ್ಧದ ಬಗ್ಗೆ ಏನೂ ಹೇಳುವುದಿಲ್ಲ. ಕಾಯಿ ಹೊರಗೆ ತೆಗೆಯುವಾಗಲೂ ಅಷ್ಟೆ. 5 ಬಿತ್ತು, 5ನೇ ಮನೆ ಖಾಲಿ, 6ರಲ್ಲಿ ಒಂದು ಕಾಯಿ ಇದೆ ಅನ್ನಿ. ಅದನ್ನು 1ಕ್ಕೆ ಇಳಿಸಬೇಕು, 4ರಿಂದ ಒಂದನ್ನು ಎತ್ತಿ ಹೊರಗೆ ಇಡುವ ಹಾಗಿಲ್ಲ. ಕೊನೆಯ ಹೊತ್ತಿನಲ್ಲಿ ಕೈ ತುಂಬಾ ಬೇಗ ಓಡುವುದರಿಂದ ಇದು ಕಣ್ಣು ತಪ್ಪಿಸಿ ಹೋಗುತ್ತದೆ.

ದಾಳದ ವಿಷಯಕ್ಕೆ ಬರೋಣ. ನಮ್ಮವರಿಗೆ ದಾಳ ಅಂದ ಕೂಡಲೇ ಶಕುನಿ ನೆನಪಾಗುತ್ತಾನೆ. ಮನೆಯಲ್ಲಿ ಈ ಬೋರ್ಡ್ ತೆರೆದಾಗ ನನ್ನ ಅತ್ತೆ ಕೇಳಿದ ಮೊದಲ ಪ್ರಶ್ನೆ 'ಏನನ್ನು ಪಣಕ್ಕೆ ಇಟ್ಟಿದ್ದೀರಿ?' ಅಂತ. ಟೂರ್ನಿಯಲ್ಲಿ ಶಕುನಿಯ ಕೈಚಳಕಕ್ಕೆ ಜಾಗ ಇರಬಾರದು ಅಂತಲೇ ಇಷ್ಟು ನಿಯಮ. ದಾಳವನ್ನು ಕೈಯಿಂದ ಬಿಡುವ ಹಾಗಿಲ್ಲ. ಕಪ್‌ನಲ್ಲಿ ಹಾಕಿ ಚೆನ್ನಾಗಿ ಕುಲುಕಿ ಎರಡನ್ನೂ ಒಟ್ಟಿಗೆ, ನಿಮ್ಮ ಬಲಗಡೆಯ ಅರ್ಧದೊಳಗೆ ಬಿಡಬೇಕು. ಎರಡೂ ಬೋರ್ಡ್ ಮೇಲೆ ಚಪ್ಪಟೆಯಾಗಿ ಕೂರಬೇಕು. ಒಂದು ಕಾಯಿಯ ಮೇಲೆ ಹತ್ತಿತು, ಅಂಚಿಗೆ ಒರಗಿತು, ಮೇಜಿನ ಕೆಳಗೆ ಉರುಳಿತು ಅಂದರೆ ಎರಡನ್ನೂ ಮತ್ತೆ ಹಾಕಬೇಕು. 'ಬಿದ್ದ 6 ಒಳ್ಳೆಯದಿತ್ತು, ಇನ್ನೊಂದನ್ನು ಮಾತ್ರ ಹಾಕ್ತೀನಿ' ಅನ್ನುವ ಹಾಗಿಲ್ಲ. ಚೌಕಾಬಾರದಲ್ಲಿ ಕವಡೆ ಜಾರಿಸಿ ಬೇಕಾದ ಗರ ತರುವ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದರು. ನಮ್ಮಜ್ಜಿಗೆ ಬೇಕೆಂದಾಗ ಚೌಕ ಬೀಳುತ್ತಿತ್ತು. ಆ ಅಜ್ಜಿಯರಿಗೂ ಕೆಲಸ ಕೊಡದ ಒಂದು ಸಾಧನ ಇದೆ, ಬ್ಯಾಫಲ್ ಬಾಕ್ಸ್. ಮೇಲಿನಿಂದ ದಾಳ ಹಾಕಿದರೆ ಒಳಗಿನ ಓರೆ ಹಲಗೆಗಳಿಗೆ ಬಡಿದು ಕೆಳಗೆ ಹೊರಗೆ ಬರುತ್ತದೆ. ಕೈ ಎಷ್ಟೇ ಜಾಣ ಇದ್ದರೂ ಪ್ರಯೋಜನ ಇಲ್ಲ.

ಎದುರಿನವರು ಸರದಿ ಮುಗಿಸುವ ಮೊದಲೇ ದಾಳ ಹಾಕುವುದು ನಮ್ಮೂರಿನ ಕೆಟ್ಟ ಚಾಳಿ. ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಹೊಡೆಯುವವರಿಗೆ ಇದು ರಕ್ತದಲ್ಲೇ ಬಂದಿರಬೇಕು. ಇದು ಬರೀ ಒರಟುತನ ಅಲ್ಲ. ನಿಮಗೆ ಬಿದ್ದ ಗರ ನೋಡಿ ಅವರು ತಮ್ಮ ನಡೆ ಬದಲಿಸಬಹುದು. ಅಂದರೆ ಆಟವೇ ಕೆಟ್ಟಿತು. ಹೊತ್ತು ಉಳಿಸಬೇಕು ಅಂದರೆ ಗಡಿಯಾರ ಇಡಿ. ಅಮೆರಿಕದ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಮ್ಯಾಚ್‌ನ ಪ್ರತಿ ಪಾಯಿಂಟ್‌ಗೆ 2 ನಿಮಿಷ, ಜೊತೆಗೆ ಪ್ರತಿ ನಡೆಗೆ 12 ಸೆಕೆಂಡ್ ಬಿಟ್ಟಿ ಸಿಗುತ್ತದೆ. ನಿಮ್ಮ 7 ಪಾಯಿಂಟ್ ಮ್ಯಾಚ್‌ಗೆ ತಲಾ 14 ನಿಮಿಷ. ಅಷ್ಟು ಸಾಕು.

ಕ್ಯೂಬ್ ಬಗ್ಗೆ ನೀವು ಕೇಳಿಲ್ಲ. ಆದರೆ ಬಾಯಿಬಿಟ್ಟು ಜಗಳ ಆಗುವುದು ಅಲ್ಲೇ. 1920ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್‌ಗಳಲ್ಲಿ ಹುಟ್ಟಿದ ಈ ಸಣ್ಣ ಕ್ಯೂಬೇ ಇವತ್ತಿನ ಆಟಕ್ಕೆ ಅರ್ಧ ಜೀವ. ನಿಮ್ಮ ಸರದಿಯಲ್ಲಿ, ದಾಳ ಹಾಕುವ ಮೊದಲು, ಕ್ಯೂಬ್ ತಿರುಗಿಸಿ ಅವರ ಕಡೆ ಇಟ್ಟು 'ಡಬಲ್' ಅನ್ನಿ. ಮುಗಿಯಿತು, ವಾಪಸ್ ತೆಗೆಯುವ ಹಾಗಿಲ್ಲ. ಕೆಲವರು ಕ್ಯೂಬ್ ಕಡೆ ಕೈ ಚಾಚಿ, ಎದುರಿನವರ ಮುಖ ಹೇಗಾಗುತ್ತದೆ ನೋಡಿ, ತಲೆ ಕೆರೆದುಕೊಂಡು ಕೈ ಹಿಂದೆ ತೆಗೆಯುತ್ತಾರೆ. ಇಂಥ ನಾಟಕಕ್ಕೆ ಆಟದ ಲೋಕದಲ್ಲಿ 'ಕಾಫಿಹೌಸಿಂಗ್' ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಪದ ಕೇಳಿದವರು ಬೈಟು ಕಾಫಿ ತರಿಸುತ್ತಾರೆ ಅಂದುಕೊಳ್ಳುತ್ತಾರೆ. ಕೆಟ್ಟ ಗರ ಬಿದ್ದಾಗ ಸುಳ್ಳು ನಗು, ಒಳ್ಳೆಯದು ಬಿದ್ದಾಗ ಸುಳ್ಳು ನಿಟ್ಟುಸಿರು, ಎದುರಿನವರು ಯೋಚಿಸುವಾಗ ಬೆರಳಿಂದ ಮೇಜು ಬಡಿಯುವುದು, 'ನಿಮ್ಮ ಅದೃಷ್ಟಾನೇ ಅದೃಷ್ಟ ಸಾರ್' ಅಂತ ಪ್ರತಿ ಗರಕ್ಕೂ ಹೇಳುವುದು, ಎಲ್ಲ ಅದೇ ಲೆಕ್ಕ. ಕ್ರಾಫರ್ಡ್ ನಿಯಮ ಮಾತ್ರ ಮರೆಯಬೇಡಿ. ಒಬ್ಬರು ಗೆಲುವಿಗೆ 1 ಪಾಯಿಂಟ್ ದೂರ ಬಂದ ಕೂಡಲೇ ಬರುವ ಒಂದು ಆಟದಲ್ಲಿ ಕ್ಯೂಬ್ ಇಲ್ಲ. ಆಗ ಅದನ್ನು ಎತ್ತಿ ಡಬ್ಬಿಯೊಳಗೆ ಹಾಕಿಬಿಟ್ಟರೆ ಗೊಂದಲವೇ ಇರುವುದಿಲ್ಲ.

ನಿಮ್ಮ ಗೆಳೆಯರ ವಿಷಯ. ಅವರು ತಪ್ಪು ನೋಡಿದರು, ಆಟದ ಮಧ್ಯೆ ಬಾಯಿ ಬಿಡಲಿಲ್ಲ, ಹೊರಗೆ ಬಂದ ಮೇಲೆ ಹೇಳಿದರು. ಅವರನ್ನು ಮೆಚ್ಚಬೇಕು. ನೋಡುವವರು ಮ್ಯಾಚ್ ನಡೆಯುವಾಗ ಸುಮ್ಮನಿರಬೇಕು, ತಪ್ಪು ಕಂಡರೂ. ಮಾತಲ್ಲೂ ಬೇಡ, ಕೆಮ್ಮಿನಲ್ಲೂ ಬೇಡ, ಹುಬ್ಬಿನಲ್ಲೂ ಬೇಡ. ಇದು ನಮಗೆ ಕಷ್ಟ. ನಮ್ಮ ಜಗಲಿಯ ಆಟಗಳಲ್ಲಿ ಆಡುವವರು ಇಬ್ಬರು, ಆಡಿಸುವವರು ಎಂಟು ಜನ. 'ಅದನ್ನ ಯಾಕೋ ನಡೆಸ್ತೀಯ, ಆ ಕಾಯಿ ಹೊಡಿ!' ಅಂತ ಪಕ್ಕದ ಮನೆಯವರೂ ಕೂಗುತ್ತಾರೆ. ಅದರ ಸೊಗಸೇ ಬೇರೆ, ನನಗೂ ಇಷ್ಟ. ಟೂರ್ನಿಯ ಮೇಜಿನ ಹತ್ತಿರ ಮಾತ್ರ ಬೇಡ.

ಮೊಬೈಲ್‌ನಲ್ಲಿ ಆಡುವಾಗ ಈ ಯಾವ ತಲೆನೋವೂ ಇಲ್ಲ, ತಪ್ಪು ನಡೆಯನ್ನು ಅದು ಒಪ್ಪುವುದೇ ಇಲ್ಲ. ಅಲ್ಲಿಯ ಮೋಸ ಬೇರೆ: ಪಕ್ಕದ ಕಂಪ್ಯೂಟರ್‌ನಲ್ಲಿ ಬಾಟ್, ಅಂದರೆ ಆಟ ಆಡುವ ಪ್ರೋಗ್ರಾಂ, ತೆರೆದಿಟ್ಟು ಅದು ಹೇಳಿದ್ದನ್ನು ಆಡುವುದು. 1990ರ ದಶಕದ ಶುರುವಿನಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೊ ಮಾಡಿದ ಟಿಡಿ-ಗ್ಯಾಮನ್ ತನ್ನ ಜೊತೆಗೆ ತಾನೇ ಆಡಿ ಆಡಿ ಕಲಿತು ದೊಡ್ಡ ಆಟಗಾರರ ಮಟ್ಟಕ್ಕೆ ಬಂತು. ಈಗಿನ ಎಕ್ಸ್‌ಟ್ರೀಮ್ ಗ್ಯಾಮನ್‌ನಂಥವು ಅದನ್ನೂ ದಾಟಿವೆ. ಆದರೆ ಅದೇ ಬಾಟ್‌ಗೆ ಮ್ಯಾಚ್ ಕೊಟ್ಟರೆ ನಿಮ್ಮ ಪಿಆರ್ ಹೇಳುತ್ತದೆ, ಅಂದರೆ ನಿಮ್ಮ ನಡೆಗಳು ಸರಾಸರಿ ಎಷ್ಟು ತಪ್ಪಿವೆ ಅಂತ. ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಮ್ಯಾಚ್‌ನಲ್ಲಿ ಸೊನ್ನೆಯ ಹತ್ತಿರ ಬರುವುದು ಯಾರಿಗಾದರೂ ಆಗಬಹುದು. ನಲವತ್ತು ಮ್ಯಾಚ್‌ನಲ್ಲೂ ಹಾಗೇ ಬಂದರೆ ಕೂತು ಮಾತಾಡಬೇಕಾಗುತ್ತದೆ.

ಇನ್ನು ಹಿರಿಯರಿಗೆ ಹೇಗೆ ಹೇಳೋದು ಅಂತ ಸುಮ್ಮನಾದೆ ಅಂದಿರಿ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ, ಆದರೆ ಅದೇ ಹಿರಿಯರು ಎಣಿಕೆ ತಪ್ಪಿ ತಮಗೇ ಅನುಕೂಲವಾಗುವ ಮನೆಯಲ್ಲಿ ಇಟ್ಟಿದ್ದರೆ ಹೇಳುತ್ತಿದ್ದಿರಿ ತಾನೆ? ನಾವು ಹಿರಿಯರ ತಪ್ಪು ಎತ್ತಿ ತೋರಿಸಲು ಹಿಂಜರಿಯುತ್ತೇವೆ, ನಿಜ. ಅದಕ್ಕೆ 'ನೀವು ತಪ್ಪಿದಿರಿ' ಅನ್ನಬೇಕಿಲ್ಲ. ಗರವನ್ನು ಜೋರಾಗಿ ಹೇಳಿದರೆ ಸಾಕು. 'ಸಾರ್, 6-5 ಅಲ್ವಾ?' ಅಷ್ಟೆ. ಅವರ ಕಣ್ಣು ತಾನಾಗಿ ದಾಳದಿಂದ ಕಾಯಿಗೆ ಹೋಗುತ್ತದೆ, ಕೈ ತಾನಾಗಿ ಕಾಯಿಯನ್ನು ಒಂದು ಮನೆ ಮುಂದೆ ಸರಿಸುತ್ತದೆ. ಯಾರ ಮುಖವೂ ಕೆಂಪಾಗುವುದಿಲ್ಲ. ಅವರು ದಾಳ ಎತ್ತಲು ಕೈ ಹಾಕುವಾಗಲೇ ಹೇಳಿದರೆ ಇನ್ನೂ ಸಲೀಸು.

ಕಪ್ ವಾಪಸ್ ಕೊಡಬೇಡಿ. ಫಲಿತಾಂಶ ನಿಂತಾಗಿದೆ, ಕೊಟ್ಟರೆ ಸಂಘಟಕರಿಗೆ ಅದನ್ನು ಎಲ್ಲಿಡಬೇಕು ಅನ್ನುವ ಹೊಸ ತಲೆನೋವು. ಆದರೆ ಆ ಹಿರಿಯರಿಗೆ ಒಂದು ಫೋನ್ ಮಾಡಿ. ನಡೆದದ್ದನ್ನು ನಡೆದ ಹಾಗೆ ಹೇಳಿ. ಅವರಿಗೆ ಗೊತ್ತೇ ಇಲ್ಲ ಅಂದುಕೊಳ್ಳಬೇಡಿ. ನೀವು ಹೊಡೆದ ಮೇಲೆ, 13ರಲ್ಲಿ ಭದ್ರವಾಗಿ ಕೂರಬೇಕಿದ್ದ ಕಾಯಿ ಬಾರ್ ಮೇಲೆ ಹೇಗೆ ಬಂತು ಅಂತ ಅವರು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿರುತ್ತಾರೆ. ಇನ್ನೊಂದು 7 ಪಾಯಿಂಟ್ ಮ್ಯಾಚ್ ಆಡೋಣ ಅನ್ನಿ, ಲೀಗಲ್ ಮೂವ್ಸ್ ಅಂತ ಮೊದಲೇ ಒಪ್ಪಿಕೊಳ್ಳಿ. ಗೆದ್ದ ಕಪ್ಪನ್ನೂ ಒಯ್ಯಿರಿ, ಅವರೂ ಅದರಲ್ಲೇ ದಾಳ ಕುಲುಕಲಿ.